ಪ್ರಶ್ನೆಯಲ್ಲಿ ಇಲ್ಲದ ಮೆಟ್ರಿಕ್

ಸಿಸಿಐಇ (ನೆಟ್‌ವರ್ಕ್ ಎಂಜಿನಿಯರ್‌ಗಳಿಗೆ ಸಿಸ್ಕೋ ಕಂಪನಿ ಕೊಡುವ ಪರಿಣತಿ ಪ್ರಮಾಣಪತ್ರ) ಲ್ಯಾಬ್ ಪರೀಕ್ಷೆಗೆ ಕಳುಹಿಸುವ ಮೊದಲು ನಮ್ಮ ಕಚೇರಿಯಲ್ಲಿ ಅಣಕು ಲ್ಯಾಬ್ ನಡೆಸುತ್ತಾರೆ. ಅಸಲಿ ಪರೀಕ್ಷೆಯಂತೆ ಅದೂ 8 ಗಂಟೆಯದು. ಅಲ್ಲಿ ನನ್ನ ಬೆವರಿಳಿಸಿದ ಪ್ರಶ್ನೆ ಎರಡೇ ಸಾಲಿನದು: ಆರ್1 ಮತ್ತು ಆರ್2 ರೂಟರ್‌ಗಳಲ್ಲಿ ಓಎಸ್‌ಪಿಎಫ್ ಹಾಗೂ ಇಐಜಿಆರ್‌ಪಿ ಎಂಬ ರೂಟಿಂಗ್ ಪ್ರೋಟೋಕಾಲ್‌ಗಳ ನಡುವೆ ಪರಸ್ಪರ ರೀಡಿಸ್ಟ್ರಿಬ್ಯೂಷನ್ (ಒಂದು ಕಲಿತ ದಾರಿಗಳನ್ನು ಇನ್ನೊಂದಕ್ಕೆ ಕೊಡುವುದು) ಮಾಡಿ, ಎಲ್ಲ ಲೂಪ್‌ಬ್ಯಾಕ್‌ಗಳಿಗೂ (ರೂಟರ್ ಒಳಗಿನ ಕಾಲ್ಪನಿಕ ಇಂಟರ್‌ಫೇಸ್‌ಗಳು) ಎಲ್ಲ ಕಡೆಯಿಂದ ಪಿಂಗ್ ಹೋಗಬೇಕು, ಕೈಯಾರೆ ಬರೆದ ಸ್ಟ್ಯಾಟಿಕ್ ರೂಟ್ ಕೂಡದು. ಸೀಡ್ ಮೆಟ್ರಿಕ್ (ಹಾಗೆ ಕೊಟ್ಟ ದಾರಿಗೆ ಹಚ್ಚುವ ಆರಂಭಿಕ ವೆಚ್ಚ), ಟ್ಯಾಗ್ (ದಾರಿಗೆ ಅಂಟಿಸುವ ಗುರುತಿನ ಸಂಖ್ಯೆ) ಇತ್ಯಾದಿಗಳ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಮೆಟ್ರಿಕ್ ಎಷ್ಟು ಕೊಡಬೇಕೆಂದು ಪ್ರಾಕ್ಟರ್ (ಪರೀಕ್ಷಾ ಮೇಲ್ವಿಚಾರಕ) ಆಗಿ ಕುಳಿತಿದ್ದ ಹಿರಿಯರನ್ನು ಕೇಳಿದರೆ, "ಪ್ರಶ್ನೆಯನ್ನು ಇನ್ನೊಮ್ಮೆ ಓದಿ" ಎಂದರು. ಹೇಳದ್ದನ್ನು ಮುಟ್ಟಬಾರದೆಂದು ನಾನು ಅರ್ಥಮಾಡಿಕೊಂಡೆ. ಓಎಸ್‌ಪಿಎಫ್ ಕಡೆಗೆ ಅದು ಸರಿಹೋಯಿತು: ಏನೂ ಕೊಡದಿದ್ದರೆ 20 ಮೆಟ್ರಿಕ್‌ನ ಇ2 (ಹೊರಗಿನಿಂದ ಬಂದದ್ದೆಂಬ ಗುರುತಿನ) ರೂಟ್ ಆಗುತ್ತದೆ. ಇಐಜಿಆರ್‌ಪಿಯಾದರೋ ಮೆಟ್ರಿಕ್ ಇಲ್ಲದೆ ಓಎಸ್‌ಪಿಎಫ್ ರೂಟನ್ನು ಒಳಗೇ ಬಿಟ್ಟುಕೊಳ್ಳದು. ಹಾಗಾಗಿ ಕೈಗೆ ರೂಢಿಯಾಗಿದ್ದ 1000000 1 255 1 1500 (ಕ್ರಮವಾಗಿ ಬ್ಯಾಂಡ್‌ವಿಡ್ತ್, ಡಿಲೇ, ವಿಶ್ವಾಸಾರ್ಹತೆ, ಲೋಡ್, ಎಂಟಿಯು) ಎಂಬುದನ್ನು ಎರಡೂ ರೂಟರ್‌ಗಳಲ್ಲಿ ಹಾಕಿ ಮುಂದೆ ಹೋದೆ. ಟ್ಯಾಗ್ ಹಾಕಲಿಲ್ಲ.

ಇಐಜಿಆರ್‌ಪಿ ಕಡೆಯ ಆರ್3 ರೂಟರಿನ ಒಂದು ಲೂಪ್‌ಬ್ಯಾಕ್ ಮಾತ್ರ ಪಿಂಗ್‌ಗೆ ಸಿಗಲಿಲ್ಲ. ಪ್ಯಾಕೆಟ್ ಹೋಗುವ ದಾರಿ ತೋರಿಸುವ ಟ್ರೇಸ್‌ರೂಟ್ ಹಾಕಿದರೆ ಆರ್1, ಆರ್2, ಮತ್ತೆ ಆರ್1, ಮತ್ತೆ ಆರ್2 ಎಂದು ಪರದೆ ತುಂಬುತ್ತಲೇ ಹೋಯಿತು. ಗೋಡೆಯ ಗಡಿಯಾರ ನೋಡುತ್ತಾ ಇಂಟರ್‌ಫೇಸ್‌ಗಳನ್ನು ಶಟ್, ನೋ ಶಟ್ (ಮುಚ್ಚಿ ಮತ್ತೆ ತೆರೆಯುವುದು) ಮಾಡಿದೆ. ಕಾರಣ ಕಾಣದಾಗ ಎಲ್ಲರೂ ಮಾಡುವ ಪೂಜೆ ಅದು. ರೂಟಿಂಗ್ ಟೇಬಲ್ ನೋಡಬೇಕೆಂದು ಹೊಳೆದದ್ದು ಆಮೇಲೆ.

ಆ ಲೂಪ್‌ಬ್ಯಾಕ್ ಕನೆಕ್ಟೆಡ್ ರೀಡಿಸ್ಟ್ರಿಬ್ಯೂಷನ್ (ರೂಟರ್‌ಗೆ ನೇರ ಅಂಟಿದ ಜಾಲಗಳನ್ನು ಪ್ರೋಟೋಕಾಲ್‌ಗೆ ಸೇರಿಸುವುದು) ಮೂಲಕ ಬಂದಿದ್ದರಿಂದ ಇಐಜಿಆರ್‌ಪಿ ಎಕ್ಸ್‌ಟರ್ನಲ್ ಆಗಿತ್ತು, ಅಂದರೆ ಅದರ ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ (ಯಾವ ಮೂಲದ ದಾರಿಯನ್ನು ನಂಬಬೇಕೆಂಬ ಅಂಕಿ, ಕಡಿಮೆಯಿದ್ದದ್ದೇ ಗೆಲ್ಲುತ್ತದೆ) 170. ಆರ್1 ಅದನ್ನು ಓಎಸ್‌ಪಿಎಫ್‌ಗೆ ಕೊಟ್ಟಾಗ ಆರ್2ಕ್ಕೆ ಓಎಸ್‌ಪಿಎಫ್‌ನ 110 ಹಿಡಿಸಿತು; ಅದು ಅದೇ ರೂಟನ್ನು ನನ್ನ ಉದಾರ ಮೆಟ್ರಿಕ್‌ನೊಂದಿಗೆ ಇಐಜಿಆರ್‌ಪಿಗೆ ಮರಳಿಸಿತು. ಡಿಲೇ 1 ಎಂದಿದ್ದ ಆ ಸುಳ್ಳು ದಾರಿ ನಿಜವಾದ ದಾರಿಗಿಂತ ಆಕರ್ಷಕವಾಗಿ ಕಂಡು ಆರ್1 ಆರ್2ರತ್ತ ತಿರುಗಿತು. ಎರಡೂ ರೂಟರ್‌ಗಳಲ್ಲಿ ಇಐಜಿಆರ್‌ಪಿಯಿಂದ ಹೋಗುವುದಕ್ಕೆ ಟ್ಯಾಗ್ 90 ಹಾಕಿ, ಮರಳುವಾಗ ಅದನ್ನು ರೂಟ್‌ಮ್ಯಾಪ್‌ನಲ್ಲಿ (ದಾರಿಗಳನ್ನು ಸೋಸುವ ನಿಯಮಪಟ್ಟಿ) ತಡೆದಾಗ ಲೂಪ್ ಹೋಯಿತು. ಓಎಸ್‌ಪಿಎಫ್ ಎಕ್ಸ್‌ಟರ್ನಲ್ ಡಿಸ್ಟೆನ್ಸನ್ನು 171 ಮಾಡಿದ ಮೇಲೆ ಆರ್2 ಕೂಡ ನೇರ ದಾರಿ ಹಿಡಿಯಿತು.

ಪ್ರಾಕ್ಟರನ್ನು ಮೆಟ್ರಿಕ್ ಎಷ್ಟೆಂದು ಕೇಳುವುದು ಉತ್ತರವನ್ನೇ ಕೇಳಿದಂತೆ. ರೂಟ್‌ಮ್ಯಾಪ್‌ಗೆ ನಿರ್ಬಂಧವಿದೆಯೇ ಎಂದಿದ್ದರೆ ಅವರು ಹೌದು ಅಥವಾ ಇಲ್ಲ ಎನ್ನಬಹುದಿತ್ತು. ಗ್ರಾಹಕರ ಚೇಂಜ್ ಟಿಕೆಟ್‌ಗಳಲ್ಲೂ ಮೆಟ್ರಿಕ್ ಕಾಲಂ ಖಾಲಿಯೇ ಬರುತ್ತದೆ. ಈಗ ನಾನು ಊಹಿಸಿಕೊಂಡದ್ದನ್ನು ಅಲ್ಲಿ ಬರೆದಿಡುತ್ತೇನೆ, ಅದರಿಂದ ಅಪ್ರೂವಲ್ ತಡವಾಗುತ್ತದೆಂದು ಮ್ಯಾನೇಜರ್ ಪ್ರತಿ ವಾರ ಗೊಣಗುತ್ತಾರೆ.