ಚಾರ್ಟಿನಲ್ಲಿ ಎಲ್ಲ ಸರಿಯಾಗಿತ್ತು

ವೃದ್ಧಾಶ್ರಮದಲ್ಲಿ ಕೆಲಸ ಅಂದರೆ ಜನ ಮೊದಲು ಕೇಳುವುದು, ‘ನರ್ಸಾ?’ ಅಂತ. ಅಲ್ಲ. ಇಂಜೆಕ್ಷನ್, ಮಾತ್ರೆ, ಡ್ರೆಸಿಂಗ್ ನರ್ಸ್ ನೋಡಿಕೊಳ್ಳುತ್ತಾರೆ. ಉಳಿದದ್ದೆಲ್ಲ ನಮ್ಮದು. ಸ್ನಾನ, ಊಟ, ಡೈಪರ್, ಹಲ್ಲು ಸೆಟ್ಟು, ಉಗುರು, ರಾತ್ರಿ ಎರಡು ಗಂಟೆಗೆ ‘ಮನೆಗೆ ಕರ್ಕೊಂಡು ಹೋಗು’ ಅಂತ ಎದ್ದು ಕೂರುವ ಅಜ್ಜಿ. ನನ್ನ ಸರ್ಟಿಫಿಕೇಟಿನಲ್ಲಿ ಜನರಲ್ ಡ್ಯೂಟಿ ಅಸಿಸ್ಟೆಂಟ್ ಅಂತಿದೆ. ಮನೆಯವರು ಅಟೆಂಡರ್ ಅನ್ನುತ್ತಾರೆ. ಇಲ್ಲಿರುವ ಹಿರಿಯರಿಗೆ ಮಾತ್ರ ನಾವೆಲ್ಲ ಸಿಸ್ಟರೇ.

ಬೆಂಗಳೂರಿಗೆ ಬಂದು ಈ ಕೆಲಸ ಹಿಡಿದು ಒಂಬತ್ತು ವರ್ಷ. ಮೊದಲ ವರ್ಷ ಮಾಡಿದ ಒಂದು ತಪ್ಪನ್ನು ಬರೆಯೋಣ ಅಂತ ಕೂತಿದ್ದೇನೆ.

ಆಗ ನನಗೆ ನೈಟ್ ಶಿಫ್ಟ್, ರಾತ್ರಿ 8ರಿಂದ ಬೆಳಿಗ್ಗೆ 8. ನನ್ನ ಪಾಲಿಗೆ ಆರು ಜನ. ಅದರಲ್ಲಿ ಒಬ್ಬರು ಹಾಸನದ ಕಡೆಯ ಲೆಕ್ಕದ ಮೇಷ್ಟ್ರು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿತ್ತು. ಮಾತೂ ಹೋಗಿತ್ತು. ನಾವು ಹೇಳಿದ್ದು ಅರ್ಥವಾಗುತ್ತಿತ್ತು, ಆದರೆ ಬಾಯಿಗೆ ಬರುತ್ತಿದ್ದದ್ದು ಒಂದೇ ಪದ, ‘ಆಯ್ತು’. ಬೇಕಾದರೂ ಆಯ್ತು, ಬೇಡವಾದರೂ ಆಯ್ತು. ‘ಆರಾಮಾಗಿದೀರಾ ಸಾರ್?’ ಅಂದರೆ ‘ಆಯ್ತು’. ನಾನು ಅದನ್ನೇ ನಂಬಿಕೊಂಡು ಲೈಟ್ ಆರಿಸಿ ಹೋಗುತ್ತಿದ್ದೆ.

ಹಾಸಿಗೆ ಹಿಡಿದವರಿಗೆ ಒಂದೇ ಕಡೆ ಭಾರ ಬಿದ್ದು ಹುಣ್ಣಾಗದಿರಲಿ ಅಂತ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಅದಕ್ಕೊಂದು ಚಾರ್ಟ್ ಮಂಚಕ್ಕೆ ನೇತುಹಾಕಿರುತ್ತಾರೆ. ಎಡ, ಬೆನ್ನು, ಬಲ, ಟೈಮು, ಸಹಿ. ನಾನು ತಿರುಗಿಸುತ್ತಿರಲಿಲ್ಲ ಅಂತಲ್ಲ. ಆದರೆ ಆ ಕಡೆ ರೂಮಿನ ಅಜ್ಜಿ ಬಾತ್‌ರೂಮಿಗೆ ಅಂತ ಕೂಗಿದರೆ ಹನ್ನೆರಡರ ಕೆಲಸ ಒಂದೂವರೆಗೆ ಹೋಗುತ್ತಿತ್ತು. ಕೆಲವು ಸಲ ಹೋಗುತ್ತಲೇ ಇರಲಿಲ್ಲ. ಬೆಳಿಗ್ಗೆ ಏಳೂವರೆಗೆ ಒಂದೇ ಸಲ ಕೂತು 10, 12, 2, 4, 6 ಅಂತ ತುಂಬಿಬಿಡುತ್ತಿದ್ದೆ. ಆ ಚಾರ್ಟ್ ನೋಡಿದರೆ ನನ್ನಂಥ ಕೆಲಸದವಳು ಊರಲ್ಲೇ ಇಲ್ಲ.

ಒಂದು ದಿನ ಬ್ಯಾಗ್ ಹೆಗಲಿಗೆ ಹಾಕಿಕೊಂಡಿದ್ದೆ. ಹಗಲು ಶಿಫ್ಟಿನ ಅಕ್ಕ ಮೇಷ್ಟ್ರ ಮೈ ಒರೆಸುತ್ತಿದ್ದವರು ಕರೆದರು. ಮಂಡ್ಯದವರು, ಈ ಕೆಲಸದಲ್ಲಿ ಕೂದಲು ನರೆಸಿಕೊಂಡವರು. ಬೆನ್ನು ಮುಗಿಯುವ ಕಡೆ, ಮೂಳೆಯ ಮೇಲೆ, ಐದು ರೂಪಾಯಿ ನಾಣ್ಯದಷ್ಟು ಕೆಂಪಾಗಿತ್ತು.

‘ಒತ್ತು ನೋಡು.’

ಬೆರಳಿಟ್ಟು ಒತ್ತಿ ತೆಗೆದೆ. ಸುಮ್ನೆ ಕೆಂಪಾದ ಜಾಗ ಒತ್ತಿದರೆ ಒಂದು ಕ್ಷಣ ಬೆಳ್ಳಗಾಗಿ ಆಮೇಲೆ ಬಣ್ಣ ಬರುತ್ತದೆ. ಇದು ಬೆಳ್ಳಗಾಗಲೇ ಇಲ್ಲ. ಕೆಂಪು ಕೆಂಪಾಗಿಯೇ ಇತ್ತು. ಮುಟ್ಟಿದರೆ ಸುತ್ತಲಿಗಿಂತ ಬಿಸಿ.

‘ಎಷ್ಟು ಹೊತ್ತಿಂದ ಬೆನ್ನ ಮೇಲಿದ್ರು?’

‘ಚಾರ್ಟಲ್ಲಿ ಬರ್ದಿದೀನಲ್ಲಕ್ಕ.’

ಅಕ್ಕ ಚಾರ್ಟ್ ತೆಗೆದು ನೋಡಿದರು. ಐದೂ ಸಹಿ ಒಂದೇ ಪೆನ್ನು, ಒಂದೇ ಓರೆ. ‘ಬರ್ದಿದ್ದು ಎಷ್ಟೊತ್ತಿಗೆ?’ ಅಂದರು, ಅಷ್ಟೇ. ನನಗೆ ನೆಲ ನೋಡುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಏನಾದರೂ ಮಾಡಬೇಕಲ್ಲ ಅಂತ ಕೊಬ್ಬರಿ ಎಣ್ಣೆ ತೆಗೆದು ತಿಕ್ಕಲು ಹೋದೆ. ನಮ್ಮ ಮನೆಗಳಲ್ಲಿ ಎಲ್ಲಕ್ಕೂ ಅದೇ ಮದ್ದು ಅಲ್ವಾ? ಅಕ್ಕ ಕೈ ಹಿಡಿದುಕೊಂಡರು. ಕೆಂಪಾದ ಜಾಗವನ್ನು ತಿಕ್ಕಲೇಬಾರದು. ಮೂಳೆ ಮತ್ತು ಹಾಸಿಗೆ ಮಧ್ಯೆ ಸಿಕ್ಕಿ, ರಕ್ತ ಹರಿಯದೆ ಒಳಗಿನ ಮಾಂಸ ಆಗಲೇ ಕೆಟ್ಟಿರುತ್ತದೆ. ತಿಕ್ಕಿದರೆ ಇನ್ನೂ ಹರಿದುಹೋಗುತ್ತದೆ.

ನರ್ಸಿಗೆ ಹೇಳಿದೆವು, ಮಗನಿಗೂ ಫೋನ್ ಹೋಯಿತು. ಹುಣ್ಣು ಬಾಯಿ ಬಿಡಲಿಲ್ಲ. ಅದರಲ್ಲಿ ನನ್ನ ಕೆಲಸ ಏನೂ ಇಲ್ಲ, ಅಕ್ಕನ ಕಣ್ಣು ಬೇಗ ಬಿತ್ತು, ಅಷ್ಟೇ. ಕಪ್ಪು ಮೈಬಣ್ಣದವರಲ್ಲಿ ಈ ಕೆಂಪು ಕಾಣುವುದೂ ಇಲ್ಲ. ಕೈಯಿಂದ ಮುಟ್ಟಿ ಬಿಸಿ ಇದೆಯಾ, ಗಟ್ಟಿ ಇದೆಯಾ, ಮೆತ್ತಗಾಗಿದೆಯಾ ಅಂತ ನೋಡಬೇಕು.

ತಿರುಗಿಸುವುದಕ್ಕೂ ಒಂದು ಕೈಗುಣ ಬೇಕು ಅಂತ ಆಮೇಲೆ ಗೊತ್ತಾಯಿತು. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಭಾರವೆಲ್ಲ ಸೊಂಟದ ಮೂಳೆ ಮೇಲೆ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ವಾಲಿಸಿದರೆ ಸಾಕು. ಮೀನಖಂಡದ ಕೆಳಗೆ ಇನ್ನೊಂದು ದಿಂಬು, ಹಿಮ್ಮಡಿ ಹಾಸಿಗೆಗೆ ತಾಗಬಾರದು. ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈ ಹಾಕಿ ಎಳೆಯಬಾರದು. ಕೆಳಗೆ ಮಡಚಿ ಹಾಸಿದ ಬೆಡ್‌ಶೀಟನ್ನು ಇಬ್ಬರು ಹಿಡಿದು ಎತ್ತಿ ಸರಿಸಬೇಕು. ಏರ್ ಬೆಡ್ ಹಾಕಿದ್ದೇವೆ, ಇನ್ನು ತಿರುಗಿಸುವುದು ಬೇಡ ಅನ್ನುವವರು ಬಹಳ ಜನ. ಬೇಕೇ ಬೇಕು.

ಅವತ್ತಿಂದ ಮೇಷ್ಟ್ರ ‘ಆಯ್ತು’ ಕೇಳುವುದು ಬಿಟ್ಟು ಎಡಗೈ ನೋಡಲು ಶುರು ಮಾಡಿದೆ. ನೋವಿದ್ದರೆ ಬೆಡ್‌ಶೀಟನ್ನು ಮುಷ್ಟಿಯಲ್ಲಿ ಹಿಡಿದಿರುತ್ತಿದ್ದರು. ಇಷ್ಟು ದಿನವೂ ಹಿಡಿದಿದ್ದರೋ ಏನೋ.

ಊಟದ್ದೂ ಒಂದು ಕಥೆ ಆಯಿತು. ಮಗ ಭಾನುವಾರ ಪ್ರೀತಿಯಿಂದ ಮುದ್ದೆ ಸಾರು ತಂದಿದ್ದರು. ಮುದ್ದೆಯನ್ನು ಯಾರಾದರೂ ಅಗಿಯುತ್ತಾರಾ? ನುಂಗುತ್ತಾರೆ. ಲಕ್ವ ಹೊಡೆದ ಗಂಟಲಿಗೆ ಅದು ಸಿಕ್ಕಿಕೊಂಡರೆ ಕಥೆ ಮುಗಿಯಿತು. ನಾನು ಬೇಡ ಅಂದಿದ್ದಕ್ಕೆ ‘ನಮ್ಮಪ್ಪ ಹುಟ್ಟಿದಾಗಿಂದ ಮುದ್ದೆ ತಿಂದೋರು’ ಅಂತ ಸಿಟ್ಟಾದರು. ಕೊನೆಗೆ ಅದೇ ರಾಗಿಯನ್ನು ಗಟ್ಟಿ ಗಂಜಿ ಮಾಡಿ, ಮೇಷ್ಟ್ರನ್ನು ನೆಟ್ಟಗೆ ಕೂರಿಸಿ, ಟೀ ಚಮಚದಲ್ಲಿ ಎಡ ದವಡೆಗೆ ಕೊಟ್ಟೆವು. ಒಂದು ತುತ್ತು ಇಳಿದ ಮೇಲೆ ಇನ್ನೊಂದು. ದನಿ ಗುಳುಗುಳು ಅಂದರೆ ಅಲ್ಲಿಗೇ ನಿಲ್ಲಿಸಬೇಕು. ತಿಂದ ಮೇಲೂ ಅರ್ಧ ಗಂಟೆ ಕೂತೇ ಇರಬೇಕು. ವಿಚಿತ್ರ ಅಂದರೆ ಇಂಥವರಿಗೆ ಬರೀ ನೀರೇ ಜಾಸ್ತಿ ಅಪಾಯ. ಸರ್ರನೆ ಇಳಿದು ಶ್ವಾಸಕೋಶಕ್ಕೆ ಹೋಗುತ್ತದೆ.

ಅಂಗಿ ಹಾಕುವಾಗ ಬಿದ್ದ ಕೈ ಮೊದಲು, ಬಿಚ್ಚುವಾಗ ಕೊನೆಗೆ. ಇದನ್ನು ಮನೆಯಲ್ಲಿ ನೋಡಿಕೊಳ್ಳುವವರೂ ಕಲಿಯಬಹುದು, ಭುಜದ ನೋವು ಎಷ್ಟೋ ತಪ್ಪುತ್ತದೆ.

ಆರು ಜನಕ್ಕೆ ರಾತ್ರಿ ಒಬ್ಬಳೇ ಅನ್ನುವುದು ನನ್ನ ತಪ್ಪನ್ನು ಮುಚ್ಚುವುದಿಲ್ಲ. ಆದರೂ ಹೇಳುತ್ತೇನೆ. ಅಪ್ಪ ಅಮ್ಮನಿಗೆ ಜಾಗ ಹುಡುಕುವಾಗ ರಿಸೆಪ್ಷನ್ನಿನ ಗ್ರಾನೈಟ್, ಮೀನಿನ ತೊಟ್ಟಿ ನೋಡಬೇಡಿ. ರಾತ್ರಿ ಎಷ್ಟು ಜನ ಇರುತ್ತಾರೆ ಅಂತ ಕೇಳಿ. ಮಧ್ಯಾಹ್ನ ಮೂರಕ್ಕೆ ಹೇಳದೆ ಹೋಗಿ ಮಂಚದ ಚಾರ್ಟ್ ನೋಡಿ. ನಾಲ್ಕು ಗಂಟೆಯ ಸಹಿ ಆಗಲೇ ಬಿದ್ದಿದ್ದರೆ ಬೇರೆ ಜಾಗ ಹುಡುಕಿ. ನಿರ್ಲಕ್ಷ್ಯ ಕಂಡರೆ ಹಿರಿಯರ ಸಹಾಯವಾಣಿ 14567 ಇದೆ.

ಈಗ ಹೊಸಬರಿಗೆ ಕೆಲಸ ಕಲಿಸುವುದು ನಾನೇ. ಮೊದಲ ದಿನ ಖಾಲಿ ಮಂಚದ ಮೇಲೆ ಅಂಗಾತ ಮಲಗಿಸುತ್ತೇನೆ. ಅಲ್ಲಾಡಬಾರದು, ಏನು ಕೇಳಿದರೂ ‘ಆಯ್ತು’ ಅಂತಷ್ಟೇ ಹೇಳಬೇಕು. ನಗುತ್ತಾ ಮಲಗುತ್ತಾರೆ. ಹೋದ ವಾರ ಬಂದ ಹುಡುಗಿಯೂ ನಕ್ಕಳು. ಇಪ್ಪತ್ತು ನಿಮಿಷ ಆದ ಮೇಲೆ ‘ಆರಾಮಾಗಿದೀಯಾ?’ ಅಂದೆ. ‘ಆಯ್ತು’ ಅಂದಳು. ಕೈಯಲ್ಲಿ ಬೆಡ್‌ಶೀಟ್ ಮುದ್ದೆಯಾಗಿತ್ತು. ಎಡ ಮಗ್ಗುಲಿಗೆ ವಾಲಿಸಿ, ಕಾಲ ಕೆಳಗೆ ದಿಂಬು ಕೊಟ್ಟು, ಎದ್ದ ಮೇಲೆ ಚಾರ್ಟಿನಲ್ಲಿ ಅವಳ ಕೈಯಿಂದಲೇ ಟೈಮ್ ಬರೆಸಿದೆ. 2.30 ಅಂತ ಬರೆಯಲು ಹೋದಳು. ಗಡಿಯಾರ ತೋರಿಸಿದೆ. ಹೊಡೆದು ಹಾಕಿ 2.41 ಅಂತ ಬರೆದಳು.