ಹಡಗಿನಲ್ಲಿ ಬೇರೆ ದುಡ್ಡು ಕೊಟ್ಟು ಉಂಡ ಊಟ

ಕುಂದುವಾಡ ಕೆರೆಗೆ ವಾಕಿಂಗ್ ಬರುವ ಗೆಳತಿಯರಿಗೆ ನಾವು ಕ್ರೂಸ್‌ಗೆ ಹೋಗಿ ಬಂದದ್ದು ಗೊತ್ತು. ಅವರಲ್ಲಿ ಕೆಲವರು ಈಗ ಹೊರಡುವ ಯೋಚನೆಯಲ್ಲಿದ್ದಾರೆ. ಸಮುದ್ರ, ತಲೆಸುತ್ತು, ವೀಸಾ ಎಲ್ಲ ಮಾತಾಡಿ ಮುಗಿದ ಮೇಲೆ ಬಂದು ನಿಲ್ಲುವುದು ಊಟಕ್ಕೇ. ಊಟ ಟಿಕೆಟ್‌ನಲ್ಲೇ ಸೇರಿರುತ್ತೆ. ಆದರೂ ಹಡಗಿನೊಳಗೆ ಬೇರೆ ದುಡ್ಡು ಕೊಟ್ಟು ಉಣ್ಣುವ ಸ್ಪೆಷಾಲಿಟಿ ರೆಸ್ಟೋರೆಂಟ್‌ಗಳೂ ಇರುತ್ತವೆ. ಅದಕ್ಕೆ ಕೊಡಬೇಕಾ, ಬೇಡವಾ?

ನಮ್ಮಂಥ ಸಸ್ಯಾಹಾರಿ ಮನೆಯವರು ರುಚಿಗಾಗಿ ಕೊಡಬೇಡಿ ಅಂತೀನಿ ನಾನು. ಕೊಡೋದಾದರೆ ಪುರುಸೊತ್ತಿಗಾಗಿ ಕೊಡಿ, ಅದೂ ಒಂದೇ ಸಲ. ಯಾಕೆ ಅನ್ನೋದಕ್ಕೆ ಅಪ್ಪಾಜಿ, ಅವ್ವನ ಜೊತೆ ಕಳೆದ ಆ ಒಂದು ದಿನವನ್ನೇ ಹೇಳಬೇಕು.

ನಮ್ಮ ಹಡಗು ಸಿಂಗಪುರದಿಂದ ಹೊರಟು ಪಿನಾಂಗ್, ಫುಕೆಟ್ ಮುಟ್ಟಿ ವಾಪಸ್ ಬರುವಂಥದ್ದು. ಅಪ್ಪಾಜಿ, ಅವ್ವನ ಮದುವೆಗೆ 50 ವರ್ಷ ತುಂಬಿತ್ತು, ಅದಕ್ಕೇ ಹೊರಟಿದ್ದು. ಅಪ್ಪಾಜಿ ದಾವಣಗೆರೆಯ ಕಾಟನ್ ಮಿಲ್ ಒಂದರಲ್ಲಿ ಗುಮಾಸ್ತರಾಗಿದ್ದವರು. ಮಿಲ್ ಮುಚ್ಚಿದ ಮೇಲೆ ಮಂಡಿಪೇಟೆಯ ಅಂಗಡಿಯಲ್ಲಿ ಲೆಕ್ಕ ಬರೆದು ನಮ್ಮನ್ನು ಓದಿಸಿದರು. ಹತ್ತು ರೂಪಾಯಿ ಖರ್ಚಾದರೂ ಅದು ಎಲ್ಲಿಗೆ ಹೋಯಿತು ಅಂತ ಅವರಿಗೆ ಗೊತ್ತಿರಬೇಕು. ಇಬ್ಬರೂ ಮಾಂಸ, ಮೊಟ್ಟೆ ಮುಟ್ಟಿದವರಲ್ಲ. ಹಡಗಿನ ಆ ಸಣ್ಣ ಕೋಣೆಯಲ್ಲೂ ಬೆಳಗ್ಗೆ ಸ್ನಾನ, ಲಿಂಗಪೂಜೆ ಆದ ಮೇಲೇ ಕಾಫಿ.

ಅವತ್ತು ಹಡಗು ಎಲ್ಲೂ ನಿಲ್ಲದ ದಿನ. ಸೀ ಡೇ ಅಂತಾರೆ. ಊರು ನೋಡಲು ಯಾರೂ ಇಳಿಯುವುದಿಲ್ಲ, ಹಾಗಾಗಿ ಮಧ್ಯಾಹ್ನ ಹಡಗಿಗೆ ಹಡಗೇ ಬಫೆಗೆ ಬಂದಿತ್ತು. ಪದಾರ್ಥಕ್ಕೇನೂ ಕೊರತೆ ಇರಲಿಲ್ಲ. ಅನ್ನ, ದಾಲ್, ಪನೀರ್, ಮೊಸರು ಎಲ್ಲ ಇತ್ತು. ಕೂರಲು ಮಾತ್ರ ಜಾಗ ಇಲ್ಲ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ನೀರಿನ ಲೋಟ ಹಿಡಿದು, ಮೆಲ್ಲಗೆ ತೂಗುವ ನೆಲದ ಮೇಲೆ ಅಪ್ಪಾಜಿ ಟೇಬಲ್ ಹುಡುಕುತ್ತಾ ನಿಂತಿದ್ದು ನೋಡಿ ನನಗೆ ಸಂಕಟವಾಯಿತು. ಅವ್ವ ಕೋಳಿಯ ಚಮಚ ಪಲ್ಯಕ್ಕೆ ಬಂದಿರಬಹುದು ಅನ್ನುವ ಅನುಮಾನದಲ್ಲಿ ಬರೀ ಮೊಸರನ್ನ ಉಂಡು ಎದ್ದಳು. ಐವತ್ತು ವರ್ಷದ ಸಂಭ್ರಮಕ್ಕೆ ಕರೆದುಕೊಂಡು ಬಂದು ಹೀಗೆ ಉಣ್ಣಿಸೋದಾ ಅನಿಸಿತು.

ಬಫೆಯ ಬಾಗಿಲ ಹತ್ತಿರವೇ ಟೇಬಲ್ ಹಾಕಿಕೊಂಡು ಇಬ್ಬರು ನಿಂತಿದ್ದರು. ಸ್ಪೆಷಾಲಿಟಿ ಊಟ ಮಾರುವುದು ಅವರ ಕೆಲಸ. ನಗುನಗುತ್ತಾ ಮಾತಾಡಿಸಿದರು. ಮೂರು ರಾತ್ರಿಯ ಪ್ಯಾಕೇಜ್ ತಗೊಂಡರೆ ಉಳಿತಾಯ ಅಂದರು. ನಮ್ಮ ಮನೆಯವರು ಆಗಲೇ ಹೂಂ ಅನ್ನುವ ಹಾಗಿದ್ದರು. ಅಪ್ಪಾಜಿ ನನ್ನ ಕಡೆ ತಿರುಗಿ, "ಊಟ ಟಿಕೆಟ್‌ನಲ್ಲೇ ಸೇರಿದೆ ಅಂದಿದ್ದೆ ಅಲ್ವೇನವ್ವ? ಮತ್ತೆ ಎರಡನೇ ಸಲ ಯಾಕೆ ಕೊಡೋದು?" ಅಂದರು.

ಸರಿಯಾದ ಪ್ರಶ್ನೆ. ಇದು ಇವತ್ತಿನ ಪದ್ಧತಿಯೇನಲ್ಲ. 1905ರಲ್ಲಿ ಜರ್ಮನಿಯ ಅಮೆರಿಕಾ ಅನ್ನುವ ಹಡಗಿನಲ್ಲಿ ರಿಟ್ಜ್ ಹೆಸರಿನ ರೆಸ್ಟೋರೆಂಟ್ ಇತ್ತು. ಬೇಕಾದ್ದು ಹೇಳಿ ಮಾಡಿಸಿಕೊಂಡು ಅದಕ್ಕೆ ಬೇರೆ ದುಡ್ಡು ಕೊಡುವ ವ್ಯವಸ್ಥೆ. 1912ರ ಟೈಟಾನಿಕ್‌ನಲ್ಲೂ ಇಟಲಿಯ ಲುಯಿಗಿ ಗಟ್ಟಿ ಎಂಬವರು ನಡೆಸುತ್ತಿದ್ದ ಅಂಥದ್ದೊಂದು ಇತ್ತು. ಅಲ್ಲಿ ನನಗೆ ಹಿಡಿಸಿದ ವಿಷಯ ಒಂದಿದೆ. ಮೊದಲ ದರ್ಜೆಯವರು ಪೂರ್ತಿ ಊಟ ಅಲ್ಲೇ ಮಾಡ್ತೀವಿ ಅಂದರೆ ಟಿಕೆಟ್ ದುಡ್ಡಿನಲ್ಲಿ ಸ್ವಲ್ಪ ಕಡಿಮೆ ಮಾಡುತ್ತಿದ್ದರು. ಈಗ ಹಾಗಿಲ್ಲ. ನೀವು ಬಿಟ್ಟ ಊಟದ ದುಡ್ಡು ವಾಪಸ್ ಬರುವುದಿಲ್ಲ. 2000ದಲ್ಲಿ ನಾರ್ವೇಜಿಯನ್ ಕ್ರೂಸ್ ಲೈನ್ ಅನ್ನುವ ಹಡಗು ಕಂಪನಿ ನಿಗದಿತ ಹೊತ್ತು, ನಿಗದಿತ ಟೇಬಲ್ ಅನ್ನುವ ಹಳೇ ಪದ್ಧತಿ ಸಡಿಲಿಸಿ, ಬೇಕಾದಾಗ ಬೇಕಾದಲ್ಲಿ ಉಣ್ಣಿ ಅಂದಿತು. ಇವತ್ತು ದೊಡ್ಡ ಹಡಗುಗಳಲ್ಲಿ ದುಡ್ಡು ಕೊಟ್ಟು ಉಣ್ಣುವ ಜಾಗಗಳೇ ಒಂದು ಸಾಲು ಇರುತ್ತವೆ.

ಪ್ಯಾಕೇಜ್‌ಗೆ ಆಮೇಲೆ ಹೇಳ್ತೀವಿ ಅಂತ ಹೇಳಿ ನಾನೂ ಅಪ್ಪಾಜಿಯೂ ಒಂದೊಂದು ರೆಸ್ಟೋರೆಂಟಿನ ಬಾಗಿಲಿಗೂ ಹೋದೆವು. ಬಾಗಿಲಲ್ಲೇ ಮೆನು ಇಟ್ಟಿರುತ್ತಾರೆ. ಓದಲು ದುಡ್ಡಿಲ್ಲ, ಬುಕ್ ಮಾಡುವ ಮೊದಲು ಓದಲೇಬೇಕು.

ಮೊದಲು ಸ್ಟೀಕ್ ಮಾಡುವ ಕಡೆ. ದನದ ಮಾಂಸ, ಸೀಗಡಿ, ಲಾಬ್‌ಸ್ಟರ್. ನಮಗೆ ಅಂತ ಇದ್ದದ್ದು ಬೇಯಿಸಿದ ಆಲೂಗಡ್ಡೆ, ಅಣಬೆ, ಪಾಲಕ್. ಅವೂ ಅಲ್ಲಿ ಊಟದ ಜೊತೆ ನಂಚಿಕೊಳ್ಳಲು ಮಾಡಿದವು. "ಸಸ್ಯಾಹಾರಿಗಳಿಗೆ ರೇಟು ಕಡಿಮೆಯಾ?" ಅಂತ ಕೇಳಿದೆ. ಇಲ್ಲ, ತಲೆಗೆ ಇಷ್ಟು ಅಂತ ಕವರ್ ಚಾರ್ಜ್, ಎಲ್ಲರಿಗೂ ಒಂದೇ. ಈ ಕವರ್ ಚಾರ್ಜ್ ಹಡಗಿಗೂ ದಿನಕ್ಕೂ ತಕ್ಕಂತೆ ಬದಲಾಗುತ್ತೆ. ಅಲ್ಲಿ ಸುಮಾರು 50 ಡಾಲರ್, ಅಂದರೆ ನಾಲ್ಕು ಸಾವಿರ ರೂಪಾಯಿಯ ಮೇಲೇ. ದುಬಾರಿ ಮಾಂಸದ ಲೆಕ್ಕ ಹಾಕಿ ಇಟ್ಟ ರೇಟದು. ಆಲೂಗಡ್ಡೆ ತಿನ್ನುವವರು ಅದನ್ನು ಯಾಕೆ ತುಂಬಬೇಕು? ಇದು ನನಗೆ ಅನ್ಯಾಯ ಅಂತಲೇ ಅನಿಸುತ್ತೆ.

ಜಪಾನಿನ ತೆಪ್ಪನ್ಯಾಕಿ ನೋಡಿ ಅಪ್ಪಾಜಿಗೆ ಖುಷಿಯಾಯಿತು. ಅಗಲವಾದ ಕಾದ ಕಬ್ಬಿಣದ ಹಲಗೆ, ಸುತ್ತ ಕೂತವರ ಕಣ್ಣೆದುರಲ್ಲೇ ಅಡುಗೆ. "ಥೇಟ್ ನಮ್ಮ ಬೆಣ್ಣೆ ದೋಸೆ ಹಂಚು!" ಅಂದರು. ನಿಜ. ದಾವಣಗೆರೆಯಲ್ಲಿ ದೋಸೆ ಮೊದಲೇ ಹುಯ್ದು ಇಡುವುದಿಲ್ಲ. ನೀವು ಕೂತ ಮೇಲೆ ಹುಯ್ಯುತ್ತಾರೆ, ಬೆಣ್ಣೆ ಹಾಕುತ್ತಾರೆ, ಹಂಚಿನಿಂದ ಸೀದಾ ತಟ್ಟೆಗೆ ಬರುತ್ತೆ. ಹಡಗಿನಲ್ಲಿ ಜಾಸ್ತಿ ದುಡ್ಡು ಕೊಡುವುದೂ ಇದಕ್ಕೇ, ನಮಗೆ ಅಂತ ಆಗ ಮಾಡಿದ ಅಡುಗೆಗೆ. ಸಾವಿರಾರು ಜನಕ್ಕೆ ಒಂದೇ ಹೊತ್ತಿಗೆ ಬಡಿಸುವ ದೊಡ್ಡ ಊಟದ ಹಾಲ್‌ನಲ್ಲಿ ಅದು ಕಷ್ಟ. ಆದರೆ ಆ ಹಲಗೆಯ ಮೇಲೆ ಸೀಗಡಿ, ಕೋಳಿ, ಮೊಟ್ಟೆ ಎಲ್ಲ ಬೇಯುತ್ತೆ. ನಮ್ಮ ತರಕಾರಿಯೂ ಅಲ್ಲೇ. ಬೇರೆ ಬಾಣಲೆಯಲ್ಲಿ ಮಾಡಿಕೊಡ್ತೀವಿ ಅಂದರು. ಹಾಗೆ ಮಾಡಿದರೆ ಕಣ್ಣೆದುರು ನೋಡುವ ಸುಖವೇ ಹೋಯಿತು. ಬೇಡ ಅಂದೆವು. ಸೂಶಿ ಮಾಡುವ ಕಡೆ ಸೂಪಿನ ಕಟ್ಟೇ ಮೀನಿನದು, ಅಲ್ಲಿ ನಿಲ್ಲಲಿಲ್ಲ.

ಉಳಿದದ್ದು ಇಟಾಲಿಯನ್. ಮೆನುವಿನಲ್ಲಿ ಅರ್ಧದಷ್ಟು ತರಕಾರಿ, ಟೊಮೆಟೊ, ಬದನೆಕಾಯಿ, ಪಾಸ್ತಾ. ನೋಡಿದ ಕೂಡಲೇ ಇದು ನಮ್ಮದು ಅನಿಸುತ್ತೆ. ಇಲ್ಲೇ ಜಾಸ್ತಿ ಎಚ್ಚರ ಬೇಕು. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ಟೂರ್ ಏಜೆಂಟ್ ನಮಗೆ ಇದೊಂದನ್ನೂ ಹೇಳಿರಲಿಲ್ಲ.

ಕೈಯಲ್ಲಿ ಲಟ್ಟಿಸಿದ ಹಸಿ ಪಾಸ್ತಾಕ್ಕೆ ಸಾಮಾನ್ಯವಾಗಿ ಮೊಟ್ಟೆ ಹಾಕಿ ಹಿಟ್ಟು ಕಲಸುತ್ತಾರೆ. ಪೆನ್ನೆ, ಸ್ಪಗೆಟಿ ಥರದ ಒಣ ಪಾಸ್ತಾ ಹೆಚ್ಚಾಗಿ ರವೆ, ನೀರಿನದು. ಇಟಲಿಯ ಅಸಲಿ ಪಾರ್ಮೆಸಾನ್ ಚೀಸ್ ಮಾಡಲು ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಕರು ಸತ್ತ ಮೇಲೆ ತೆಗೆಯುವಂಥದ್ದು ಅದು. ಅದನ್ನು ಕೇಳಿದ ಮೇಲೆ ಅವ್ವ ಮುಟ್ಟುವ ಮಾತೇ ಇಲ್ಲ. ರಿಸೊಟ್ಟೊ ಅನ್ನ ಅಂತ ನಂಬಿ ತಿನ್ನುವ ಹಾಗಿಲ್ಲ, ಬಹಳ ಕಡೆ ಕೋಳಿ ಬೇಯಿಸಿದ ಕಟ್ಟಿನಲ್ಲಿ ಬೇಯಿಸುತ್ತಾರೆ. ಸೀಸರ್ ಸಲಾಡ್‌ಗೆ ಸುರಿಯುವ ಡ್ರೆಸಿಂಗ್‌ನಲ್ಲಿ ಆಂಚೋವಿ ಅನ್ನುವ ಸಣ್ಣ ಮೀನು. ತಿರಾಮಿಸುವಿನಲ್ಲಿ ಮೊಟ್ಟೆ, ಪನ್ನಾ ಕೋಟಾ ಅನ್ನುವ ಸಿಹಿಯಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್. ಅಂದರೆ ಇಲ್ಲೂ ವೆಜ್ ಅಂತ ಬರೆದದ್ದನ್ನು ಕಣ್ಣುಮುಚ್ಚಿ ತಿನ್ನುವ ಹಾಗಿಲ್ಲ.

ಇದನ್ನೆಲ್ಲ ಕೇಳಿದರೆ ಮುಖ ಸಿಂಡರಿಸುತ್ತಾರೇನೋ ಅಂದುಕೊಂಡಿದ್ದೆ. ಬಾಗಿಲಲ್ಲಿದ್ದ ಮ್ಯಾನೇಜರ್ ಸಮಾಧಾನವಾಗಿ ಒಂದೊಂದನ್ನೂ ಬರೆದುಕೊಂಡು, ಒಳಗೆ ಹೋಗಿ ಶೆಫ್‌ನನ್ನೇ ಕರೆತಂದರು. ಒಣ ಪಾಸ್ತಾ, ಟೊಮೆಟೊ, ಬೆಳ್ಳುಳ್ಳಿ, ತುಳಸಿ ಜಾತಿಯ ಬೇಸಿಲ್ ಸೊಪ್ಪು, ಆಲಿವ್ ಎಣ್ಣೆ, ಚೀಸ್ ಇಲ್ಲ. ಬದನೆಕಾಯಿ ಸುಟ್ಟು ಕೊಡ್ತೀನಿ. ತರಕಾರಿ ಸೂಪ್ ಬೇರೆ ಪಾತ್ರೆಯಲ್ಲಿ ಮಾಡ್ತೀನಿ. ಮದುವೆಯ ಐವತ್ತನೇ ವರ್ಷಕ್ಕೆ ಮೊಟ್ಟೆ ಕೇಕ್ ಬದಲು ಹಣ್ಣು ಜೋಡಿಸಿ ತರ್ತೀನಿ. ಇಷ್ಟು ಅವರ ಬಾಯಿಂದ ಬಂದ ಮೇಲೆ ಅವತ್ತಿನ ರಾತ್ರಿಗೆ ಬುಕ್ ಮಾಡಿದೆವು. ಪ್ಯಾಕೇಜ್ ಬೇಡ ಅಂತ ಮನೆಯವರಿಗೂ ಹೇಳಿದೆ. ಅಪ್ಪಾಜಿ ಓದಿದ ಮೆನುಗಳ ಲೆಕ್ಕ ಕೇಳಿ ಅವರೂ ಒಪ್ಪಿದರು.

ರುಚಿ ಹೇಗಿತ್ತು? ಚೆನ್ನಾಗಿತ್ತು, ಆದರೆ ನಮ್ಮ ನಾಲಿಗೆಗೆ ಸಪ್ಪೆ. ಅವ್ವ ಒಣಮೆಣಸಿನ ಚೂರು ಕೇಳಿ ತರಿಸಿಕೊಂಡು ಉದುರಿಸಿಕೊಂಡಳು. ಮನೆಯಿಂದ ಶೇಂಗಾ ಚಟ್ನಿಪುಡಿ ತರುವ ಆಸೆ ಅವಳಿಗಿತ್ತು. ಮನೆಯಲ್ಲಿ ಮಾಡಿದ ತಿನಿಸನ್ನು ಹಲವು ಹಡಗುಗಳು ಒಳಗೆ ಬಿಡುವುದಿಲ್ಲ, ಅದಕ್ಕೆ ಬಿಟ್ಟು ಬಂದಿದ್ದೆವು. ಬದನೆಕಾಯಿ ಮಾತ್ರ ಬಹಳ ಸೊಗಸಾಗಿತ್ತು.

ಆ ರಾತ್ರಿ ನನಗೆ ಸಿಕ್ಕಿದ್ದು ಬೇರೆ. ಕಿಟಕಿ ಪಕ್ಕದ ಟೇಬಲ್. ಯಾರೂ ಅವಸರ ಮಾಡಲಿಲ್ಲ. ಒಂದು ತಟ್ಟೆ ಖಾಲಿಯಾದ ಮೇಲೆ ಇನ್ನೊಂದು ಬರುತ್ತಿತ್ತು, ನಡುವೆ ಮಾತಿಗೆ ಬೇಕಾದಷ್ಟು ಹೊತ್ತು. ಅಪ್ಪಾಜಿ ಮಿಲ್ಲಿನ ಸೈರನ್ ಬಗ್ಗೆ, ಮಿಲ್ ಮುಚ್ಚಿದ ವರ್ಷ ಹಬ್ಬ ಹೇಗೆ ಮಾಡಿದೆವು ಅನ್ನುವುದರ ಬಗ್ಗೆ ಹೇಳಿದರು. ನಾನು ಅದನ್ನು ಮೊದಲ ಸಲ ಕೇಳಿದ್ದು. ಮದುವೆಯಾದ ಹೊಸದರಲ್ಲಿ ಇಬ್ಬರೂ ಬಸ್ಸಿನಲ್ಲಿ ಚನ್ನಗಿರಿ ಕಡೆಯ ಸೂಳೆಕೆರೆ ನೋಡಲು ಹೋಗಿದ್ದರಂತೆ. ಏರಿ ಮೇಲೆ ನಿಂತು ಅವ್ವ, "ಇದೇ ಸಮುದ್ರ ಏನ್ರೀ?" ಅಂದಿದ್ದಳಂತೆ. ಅವ್ವ ನಾಚಿಕೊಂಡು, "ಹಂಗೇನೂ ಅಂದಿಲ್ಲ" ಅಂತ ವಾದ ಮಾಡಿದಳು. ನನ್ನ ಮಗ ಫೋನ್ ಕೆಳಗಿಟ್ಟು ಕೇಳುತ್ತಾ ಕೂತ.

ಕೋಣೆಗೆ ಬಂದ ಮೇಲೆ ಅಪ್ಪಾಜಿ ಎಷ್ಟಾಯಿತು ಅಂತ ಕೇಳಿದರು. ನಾನು ಮುಚ್ಚಿಡಲಿಲ್ಲ. ನಾಲ್ಕು ಜನ ದೊಡ್ಡವರು, ಮಗುವಿಗೆ ಕಡಿಮೆ ರೇಟು, ಅದರ ಮೇಲೆ ಶೇಕಡಾ 18 ಸರ್ವಿಸ್ ಚಾರ್ಜ್. ಇಪ್ಪತ್ತು ಸಾವಿರ ದಾಟಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟಕ್ಕೆ ಅಂದರೆ ಇದು ಬಹಳ ಜಾಸ್ತಿ ಕಣವ್ವ. ಆದರೆ ನಿಮ್ಮವ್ವ ಎರಡು ತಾಸು ಕೂತು ಉಂಡಿದ್ದನ್ನ ನಾನು ನೋಡೇ ಇರಲಿಲ್ಲ. ಯಾವಾಗಲೂ ಬಡಿಸ್ತಾ ನಿಂತಿರ್ತಾಳೆ" ಅಂದರು. ಆ ದುಡ್ಡಿನ ಬಗ್ಗೆ ನನಗೆ ಇವತ್ತಿಗೂ ಬೇಜಾರಿಲ್ಲ.

ಹಾಗಾದರೆ ಉಳಿದ ರಾತ್ರಿ ಏನು ಮಾಡಿದಿರಿ ಅಂತ ಕೇಳಬಹುದು. ದೊಡ್ಡ ಹಾಲ್‌ನಲ್ಲಿ, ಟಿಕೆಟ್‌ನಲ್ಲೇ ಸೇರಿದ ಊಟ. ನಮ್ಮ ಟೇಬಲ್ ನೋಡಿಕೊಳ್ಳುತ್ತಿದ್ದ ಹುಡುಗ ಕುಂದಾಪುರದ ಕಡೆಯವನು. ನಮ್ಮ ಮಾತು ಕೇಳಿ ಕನ್ನಡದಲ್ಲೇ, "ಅಮ್ಮ, ನಾಳೆ ರಾತ್ರಿಗೆ ಏನು ಬೇಕು ಇವತ್ತೇ ಹೇಳಿ. ಅಡುಗೆಮನೆಯಲ್ಲಿ ನಮ್ಮವರಿದ್ದಾರೆ" ಅಂದಿದ್ದ. ಹಿಂದಿನ ದಿನ ಹೇಳಿದರೆ ಭಾರತೀಯ ಸಸ್ಯಾಹಾರ ಬೇರೆ ಮಾಡಿಕೊಡುವುದು ಹಲವು ದೊಡ್ಡ ಹಡಗುಗಳಲ್ಲಿ ಇದೆ, ಅದಕ್ಕೆ ಒಂದು ಪೈಸೆಯೂ ಇಲ್ಲ. ಬೆಂಕಿ ಅನಾಹುತದ ಭಯಕ್ಕೆ ಹಡಗಿನ ಅಡುಗೆಮನೆಯಲ್ಲಿ ಉರಿಯುವ ಒಲೆ ಇಡದೆ ಕರೆಂಟಿನ ಒಲೆಗಳನ್ನೇ ಬಳಸುತ್ತಾರೆ, ಹಾಗಾಗಿ ಕೆಂಡದ ರೊಟ್ಟಿಯ ಆಸೆ ಬೇಡ. ಜೋಳದ ರೊಟ್ಟಿಯಂತೂ ಇಲ್ಲ. ಆದರೂ ಬಿಸಿ ಚಪಾತಿ, ದಾಲ್, ಖಾರವಾದ ಬದನೆಕಾಯಿ ಪಲ್ಯ ಬಂತು. ಅವ್ವ ಎರಡನೇ ಸಲ ಹಾಕಿಸಿಕೊಂಡಳು. ರುಚಿಯ ಲೆಕ್ಕದಲ್ಲಿ ನಮ್ಮ ಮನೆಗೆ ಅದೇ ಸ್ಪೆಷಾಲಿಟಿ ಊಟ. ಮೊದಲ ರಾತ್ರಿಯೇ ಟೇಬಲ್‌ನವರ ಹತ್ತಿರ ಬಾಯಿ ಬಿಟ್ಟು ಕೇಳಬೇಕು, ಅಷ್ಟೇ.

ಮೀನು, ಮಾಂಸ ತಿನ್ನುವವರಿಗೆ ಲೆಕ್ಕ ಬೇರೆ. ಒಳ್ಳೆ ಸ್ಟೀಕ್, ಲಾಬ್‌ಸ್ಟರ್ ಇಷ್ಟವಿದ್ದರೆ ಆ ದುಡ್ಡಿಗೆ ತಕ್ಕದ್ದು ತಟ್ಟೆಗೆ ಬರುತ್ತೆ. ಹಡಗು ಹತ್ತುವ ಮೊದಲೇ ಆ್ಯಪ್‌ನಲ್ಲಿ ಬುಕ್ ಮಾಡಿದರೆ ಎಷ್ಟೋ ಸಲ ಕಡಿಮೆಗೆ ಸಿಗುತ್ತೆ. ಕೆಲವು ಹಡಗಿನಲ್ಲಿ ಮೊದಲ ರಾತ್ರಿ ರಿಯಾಯಿತಿ, ಸೀ ಡೇ ಮಧ್ಯಾಹ್ನದ ಊಟಕ್ಕೂ ರಾತ್ರಿಗಿಂತ ಕಡಿಮೆ ಇರುತ್ತೆ. ಕುಡಿಯುವ ಜ್ಯೂಸ್, ಸೋಡಾ ಸಾಮಾನ್ಯವಾಗಿ ಬೇರೆ ಲೆಕ್ಕ.

ಊಟ ಮುಗಿದ ಮೇಲೆ ಸಹಿಗೆ ಒಂದು ಚೀಟಿ ತರುತ್ತಾರೆ. ಸರ್ವಿಸ್ ಚಾರ್ಜ್ ಆಗಲೇ ಸೇರಿಸಿದ್ದರೂ ಕೆಳಗೆ ಟಿಪ್ಸ್‌ಗೆ ಅಂತ ಇನ್ನೊಂದು ಖಾಲಿ ಜಾಗ ಬಿಟ್ಟಿರುತ್ತಾರೆ. ಅಲ್ಲಿ ಏನೂ ಬರೆಯಲೇಬೇಕು ಅಂತಿಲ್ಲ. ಅಪ್ಪಾಜಿ ಮಾಡಿದ ಹಾಗೆ, ಖಾಲಿ ಜಾಗಕ್ಕೆ ಒಂದು ಗೆರೆ ಎಳೆದು, ಒಟ್ಟು ಮೊತ್ತ ಓದಿ, ಆಮೇಲೆ ಸಹಿ ಹಾಕಿ.