ಖರ್ಚಿನ ಪಟ್ಟಿ ಹಿಡಿದು ಹೊರಟಾಗ

2024ರ ಸೆಪ್ಟೆಂಬರ್. ಡೆಟ್ರಾಯ್ಟ್ ಹೊರವಲಯದ ನಮ್ಮ ಹೈಸ್ಕೂಲಿನಲ್ಲಿ ಕ್ಲಬ್ಬುಗಳು ಹೊಸ ಮಕ್ಕಳನ್ನು ಸೇರಿಸಿಕೊಳ್ಳುವ ಸಂಜೆ. ನಮ್ಮ ರೊಬೊಟಿಕ್ಸ್ ತಂಡದ ಹಿಂದಿನ ಸೀಸನ್ನಿನ ರೋಬೊ ತಟ್ಟೆಯಗಲದ ಕಿತ್ತಳೆ ಬಣ್ಣದ ಫೋಮ್ ಬಳೆಗಳನ್ನು ಎಸೆಯುತ್ತಿತ್ತು. ಮಕ್ಕಳು ಅದರ ಸುತ್ತ ಮುಗಿಬಿದ್ದಿದ್ದರು. ಪಕ್ಕದಲ್ಲೇ ‘ಬಿಸಿನೆಸ್ ತಂಡ’ ಎಂಬ ಫಲಕವಿದ್ದ ನನ್ನ ಮೇಜು; ರೊಬೊಟಿಕ್ಸ್ ತಂಡದ ಹಣ, ಬರವಣಿಗೆ ನೋಡಿಕೊಳ್ಳುವ ಗುಂಪು ಅದು. ಹೆಸರು ಬರೆಯುವ ಹಾಳೆಯಲ್ಲಿ ಎರಡೇ ಹೆಸರು.

ವೃತ್ತಿಯಿಂದ ನಾನು ಲೆಕ್ಕಪತ್ರದವಳು. ಮಗ ತಂಡ ಸೇರಿದ ಮೇಲೆ ಮೆಂಟರ್ ಆದೆ. ಹೈಸ್ಕೂಲು ತಂಡಗಳು ರೋಬೊ ಕಟ್ಟಿ ಪಂದ್ಯವಾಡುವ ಫಸ್ಟ್ ರೊಬೊಟಿಕ್ಸ್ ಸ್ಪರ್ಧೆಯ ನೋಂದಣಿಗೇ 6,000 ಡಾಲರಿಗೂ ಹೆಚ್ಚು ಬೇಕು. ಮೋಟರು, ಅಲ್ಯೂಮಿನಿಯಂ, ಪ್ರಯಾಣದ ಖರ್ಚು ಬೇರೆ. ಅಲ್ಲಿನ ಅತ್ಯುನ್ನತ ಗೌರವವಾದ ಇಂಪ್ಯಾಕ್ಟ್ ಪ್ರಶಸ್ತಿಯೂ ಪಂದ್ಯ ಗೆದ್ದುದಕ್ಕೆ ಸಿಗುವುದಲ್ಲ. ತಂಡ ತನ್ನ ಊರಿಗಾಗಿ ಏನು ಮಾಡಿತು ಎಂಬುದನ್ನು ಮಕ್ಕಳೇ ಪ್ರಬಂಧವಾಗಿ ಬರೆದು, ತೀರ್ಪುಗಾರರ ಮುಂದೆ ನಿಂತು ಹೇಳಬೇಕು.

ಇಷ್ಟೆಲ್ಲ ತಿಳಿದೂ ಆ ಸಂಜೆ ನಾನು ಹೇಳುತ್ತಿದ್ದ ಮಾತು: “ಕೋಡಿಂಗ್ ಬರದಿದ್ದರೂ ಚಿಂತೆಯಿಲ್ಲ, ಇಲ್ಲಿಗೆ ಬಾ.” ಮೂರನೆಯ ಸಲ ಹೇಳಿದಾಗ ಎದುರಿದ್ದ ಹುಡುಗಿ ಮುಖ ಸಣ್ಣದು ಮಾಡಿದಳು. ಉಳಿದವರನ್ನು ಕೂರಿಸುವ ಮೂಲೆ ಇದು ಎಂದು ನಾನೇ ಸಾರಿದಂತಾಗಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಆ ಮಾತನ್ನು ಅಲ್ಲಿಗೇ ಬಿಟ್ಟು, ಕಳೆದ ವರ್ಷದ ಖರ್ಚಿನ ಪಟ್ಟಿಯನ್ನು ಅವಳ ಮುಂದಿಟ್ಟೆ. ಬೆರಳಿಟ್ಟು ಓದಿದಳು.

“ಇಷ್ಟು ದುಡ್ಡನ್ನು ಶಾಲೆ ಕೊಡುತ್ತದೆಯೇ?”

“ಇಲ್ಲ. ನಾವೇ ಕೇಳಿ ತರಬೇಕು.”

“ಯಾರನ್ನು ಕೇಳುತ್ತೀರಿ? ಅವರು ಯಾಕೆ ಕೊಡುತ್ತಾರೆ?”

ಅವಳು ಶಾಲೆಯ ಪತ್ರಿಕೆಗೆ ಬರೆಯುವವಳೆಂದು ಆಮೇಲೆ ತಿಳಿಯಿತು. ಮರುವಾರ ಅದೇ ಪಟ್ಟಿ ಹಿಡಿದು ಪತ್ರಿಕೆಯ ಕೊಠಡಿಗೂ ಚರ್ಚಾಕೂಟಕ್ಕೂ ನಾನೇ ಹೋದೆ. ಇನ್ನೂ ಐವರು ಬಂದರು.

ಅಕ್ಟೋಬರಿನಲ್ಲಿ ಆ ಹುಡುಗಿ ಊರಿನದೇ ಒಂದು ಲೇತ್ ವರ್ಕ್‌ಶಾಪಿನ ಮಾಲೀಕರೆದುರು ಕುಳಿತಿದ್ದಳು. ಬಾಯಿ ತೆರೆಯಬಾರದೆಂದು ನಿಶ್ಚಯಿಸಿಕೊಂಡು ನಾನು ಬಾಗಿಲ ಬಳಿ ಕುಳಿತೆ. ಅವಳು ಹೇಳುವುದನ್ನೆಲ್ಲ ಕೇಳಿಸಿಕೊಂಡ ಅವರು, “ಗೇರ್‌ಬಾಕ್ಸಿನ ಪ್ಲೇಟು ಎಷ್ಟು ದಪ್ಪ?” ಎಂದರು. ಅವಳಿಗೆ ಗೊತ್ತಿರಲಿಲ್ಲ. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು, ತಡೆದುಕೊಂಡೆ. “ನಾಳೆ ಅಳೆದು ಬಂದು ಹೇಳುತ್ತೇನೆ,” ಎಂದು ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಮರುದಿನ ಕ್ಯಾಲಿಪರ್ ಹಿಡಿದು ರೋಬೊದ ಕೆಳಗೆ ತಲೆ ತೂರಿಸಿದ್ದಳು. ನನ್ನ ಮಗ ಪಕ್ಕದಲ್ಲಿ ಮಂಡಿಯೂರಿ ಟಾರ್ಚ್ ಹಿಡಿದ. ಅಳತೆ ಸಿಕ್ಕಿದ ಮೇಲೆ, “ಅಲ್ಲಿಗೆ ನಾನೂ ಬರಲೇ?” ಎಂದು ಅವಳನ್ನು ಕೇಳಿದ.

ಸಂಜೆ ಇಬ್ಬರನ್ನೂ ಕಾರಿನಲ್ಲಿ ಕರೆದುಕೊಂಡು ಹೋದೆ.